ಒಂದು ಪುಟದ ಯುದ್ಧ

ದೋಹಾದ ಆ ಶಾಲೆಯಲ್ಲಿ ನಾನು ಏಳನೆಯ ತರಗತಿಗೆ ಭೂಗೋಳ ಕಲಿಸುತ್ತಿದ್ದೆ. ಅಮೆರಿಕದ ಸಿಲೆಬಸ್ ಇದ್ದ ಶಾಲೆ. ಅಲ್ ಅಜೀಜಿಯಾ ಬಡಾವಣೆಯಲ್ಲಿ ಅಕ್ಕಪಕ್ಕದ ಎರಡು ದೊಡ್ಡ ವಿಲ್ಲಾಗಳ ನಡುವಿನ ಗೋಡೆ ಒಡೆದು ಮಾಡಿದ್ದು. 2005ರ ನವೆಂಬರಿನಲ್ಲಿ, ಹನ್ನೊಂದನೆಯ ತರಗತಿಗೆ ಅಮೆರಿಕದ ಚರಿತ್ರೆ ಹೇಳಿಕೊಡುತ್ತಿದ್ದ ಮೇಷ್ಟ್ರು ತಾಯಿಗೆ ಹುಷಾರಿಲ್ಲವೆಂದು ಒಂದು ವಾರದ ರಜೆ ಹಾಕಿ ಊರಿಗೆ ಹೋದವರು ಮರಳಲೇ ಇಲ್ಲ. ಪ್ರಿನ್ಸಿಪಾಲರು ನನ್ನನ್ನು ಕರೆಸಿದರು. ಅಮೆರಿಕದವರೇ, ಅರುವತ್ತು ದಾಟಿದ ಹೆಂಗಸು, ಮಾತು ಚುಟುಕು.

"ನಿಮ್ಮ ಎಂ.ಎ. ಇತಿಹಾಸದಲ್ಲೇ ಅಲ್ಲವಾ?"

"ಹೌದು. ಆದರೆ ನಾನು ಓದಿದ್ದು ವಿಜಯನಗರ, ಕೆಳದಿ, ಮೈಸೂರಿನ ಯುದ್ಧಗಳು. ಅಮೆರಿಕ ಅಂತ ಇದ್ದದ್ದು ಒಂದೇ ಒಂದು ಪೇಪರ್."

"ಉಳಿದ ಟೀಚರುಗಳಿಗೆ ಅದೂ ಇಲ್ಲ. ನಾಳೆಯಿಂದ ಶುರು ಮಾಡಿ," ಎಂದು ಅವರು ಸಾವಿರ ಪುಟದ ಪಠ್ಯಪುಸ್ತಕವನ್ನು ನನ್ನ ಕಡೆ ಸರಿಸಿದರು.

ಆ ಪುಸ್ತಕವನ್ನು ಎದೆಗೊತ್ತಿಕೊಂಡು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ನಮ್ಮ ಫ್ಲ್ಯಾಟಿಗೆ ಬಂದೆ. ಮನೆಯಲ್ಲಿ ನಾವಿಬ್ಬರೇ. ನನ್ನ ಗಂಡ ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಡ್ರಾಫ್ಟ್ಸ್‌ಮನ್. ಕಟ್ಟಡಗಳ ನಕ್ಷೆ ಬರೆಯುವುದು ಅವರ ಕೆಲಸ. ಅವರ ಮಾತು ಉಗ್ಗುತ್ತಿತ್ತು. ನನ್ನ ಜೊತೆ ಕಡಿಮೆ, ಹೊರಗಿನವರ ಜೊತೆ ಜಾಸ್ತಿ, ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಜಾಸ್ತಿ. ಆದ್ದರಿಂದ ಊರಿನವರ ಯಾವ ಕೂಟಕ್ಕೆ ಹೋದರೂ ಕುರ್ಚಿ ಜೋಡಿಸುವುದರಲ್ಲಿ, ಪಾತ್ರೆ ಎತ್ತುವುದರಲ್ಲಿ ಮುಂದು. ಮೈಕ್ ಹತ್ತಿರ ಬಂತೆಂದರೆ ಮಾಯ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಅದನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ.

ಮರುದಿನದ ಪಾಠವನ್ನು ಸಂಜೆ ಊಟದ ಮೇಜಿನ ಮೇಲೆ ಹರಡಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಇವರು ಅಡುಗೆಮನೆಯಲ್ಲಿ ಮೀನು ಶುಚಿ ಮಾಡುತ್ತಾ ಕೇಳಿಸಿಕೊಳ್ಳುತ್ತಿದ್ದರು. ಅಂತರ್ಯುದ್ಧದ ಪಾಠ ಶುರುವಾದ ಮೇಲಂತೂ ಇವರಿಗೆ ಅದು ದಿನದ ವಾರ್ತೆಯ ಹಾಗೆ ಆಗಿಬಿಟ್ಟಿತು. ಆಫೀಸಿನಿಂದ ಬಂದು ಚಪ್ಪಲಿ ಬಿಡುವಾಗಲೇ ಕೇಳುವರು:

"ಎಂತ, ನಿನ್ನ ಉತ್ತರದವರು ಎಲ್ಲಿಗೆ ಮುಟ್ಟಿದರು?"

"ಇನ್ನೊಂದು ಕಡೆ ಸೋತರು. ಅದೇ ಜನರಲ್."

"ಅಷ್ಟು ಸಲ ಸೋತವನನ್ನು ಇನ್ನೂ ಇಟ್ಟುಕೊಂಡಿದ್ದಾರಾ? ನಮ್ಮ ಆಫೀಸಿನ ಹಾಗೆಯೇ ಉಂಟು ಮಾರಾಯ್ತಿ."

ತರಗತಿಯಲ್ಲಿ ಹದಿನೆಂಟು ಮಕ್ಕಳಿದ್ದರು, ಹತ್ತು ದೇಶದವರು. ಮೊದಲ ದಿನವೇ ಹಿಂದಿನ ಸಾಲಿನಿಂದ ಒಬ್ಬ ಉದ್ದದ ಅಮೆರಿಕನ್ ಹುಡುಗ ಕೈ ಎತ್ತಿದ. ಅವನ ತಂದೆ ಸೈನ್ಯದಲ್ಲಿದ್ದರು. ದೋಹಾದ ಹೊರಗಿನ ನೆಲೆಯಲ್ಲಿ ಕೆಲವು ತಿಂಗಳು, ಇರಾಕಿನಲ್ಲಿ ಕೆಲವು ತಿಂಗಳು.

"ಮಿಸ್, ನೀವು ಸ್ಟೇಟ್ಸ್‌ಗೆ ಎಷ್ಟು ಸಲ ಹೋಗಿದ್ದೀರಿ?"

"ಒಂದು ಸಲವೂ ಇಲ್ಲ," ಎಂದೆ. ಕಿಸಿಕಿಸಿ ನಗು ಶುರುವಾಯಿತು. ನಾನೂ ಬಿಡದೆ ಕೇಳಿದೆ, "ನೀನು 1776ಕ್ಕೆ ಎಷ್ಟು ಸಲ ಹೋಗಿದ್ದೀ?"

ಈಗ ಎಲ್ಲರೂ ನಕ್ಕರು. ಅವನೂ ಕೂತಲ್ಲಿಂದಲೇ ಎದ್ದು ಬಾಗಿ ನಮಸ್ಕಾರ ಮಾಡಿದ. ಆ ದಿನದಿಂದ ಅವನು ನನ್ನ ಪಕ್ಷ.

ನಗದೇ ಇದ್ದವಳು ಒಬ್ಬಳೇ. ಎ.ಸಿ.ಯ ಕೆಳಗಿನ ಬೆಂಚಿನಲ್ಲಿ, ಎಲ್ಲರೂ ಚಳಿಯೆಂದು ಬಿಟ್ಟುಕೊಟ್ಟ ಜಾಗದಲ್ಲಿ, ಸ್ವೆಟರ್ ಹಾಕಿಕೊಂಡು ಕೂರುತ್ತಿದ್ದ ಬಾಗ್ದಾದಿನ ಹುಡುಗಿ. ಡಾಕ್ಟರರ ಮಗಳು, ಹಿಂದಿನ ವರ್ಷವಷ್ಟೇ ಮನೆಯವರೆಲ್ಲ ಊರು ಬಿಟ್ಟು ಬಂದಿದ್ದರು. ಹಾಜರಿ ಕರೆದಾಗ 'ಎಸ್ ಮಿಸ್' ಎಂಬುದೊಂದು ಬಿಟ್ಟರೆ ಬಾಯಿ ತೆರೆಯುತ್ತಿರಲಿಲ್ಲ. ಆದರೆ ಅವಳ ನೋಟ್ಸ್ ನೋಡಬೇಕಿತ್ತು! ನಾನು ಹೇಳಿದ್ದಕ್ಕಿಂತ ಅಚ್ಚುಕಟ್ಟಾಗಿ ನನ್ನ ಪಾಠ ಅದರಲ್ಲಿರುತ್ತಿತ್ತು.

ಯುದ್ಧಗಳು ಒಂದರ ಹಿಂದೆ ಒಂದು ಬಂದವು. ಸ್ವಾತಂತ್ರ್ಯಯುದ್ಧದಲ್ಲಿ ಯಾವ ದೇಶದ ಮಗುವಾದರೂ ದಂಗೆ ಎದ್ದವರ ಕಡೆಗೇ. ಮೂಲನಿವಾಸಿಗಳನ್ನು ನೆಲ ಬಿಡಿಸಿ ಓಡಿಸಿದ ಪಾಠಕ್ಕೆ ಬಂದಾಗ ಪ್ಯಾಲೆಸ್ತೀನಿನ ಇಬ್ಬರು ಮಕ್ಕಳು ಪುಸ್ತಕದಿಂದ ತಲೆ ಎತ್ತಲಿಲ್ಲ. ಅಂತರ್ಯುದ್ಧ ಮುಗಿಸಲು ಒಂದು ತಿಂಗಳು ಹಿಡಿಯಿತು. ಒಂದೇ ಮನೆಯ ಅಣ್ಣ ಉತ್ತರದ ಕಡೆ, ತಮ್ಮ ದಕ್ಷಿಣದ ಕಡೆ ನಿಂತು ಗುಂಡು ಹಾರಿಸಿದ್ದನ್ನು ಹೇಳಿದ ದಿನ, ಎ.ಸಿ.ಯ ಕೆಳಗಿನಿಂದ ಒಂದು ಕೈ ಮೇಲೆದ್ದಿತು.

"ಯುದ್ಧ ಮುಗಿದ ಮೇಲೆ ಆ ಅಣ್ಣ ತಮ್ಮ ಒಟ್ಟಿಗೆ ಕೂತು ಊಟ ಮಾಡಿದರಾ, ಮಿಸ್?"

ಮೂರು ತಿಂಗಳಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ. ನಾನು ಪುಸ್ತಕ ತಿರುವಿದೆ. ಎಷ್ಟು ಸೈನಿಕರು, ಎಷ್ಟು ತೋಪು, ಯಾವ ಒಪ್ಪಂದಕ್ಕೆ ಎಲ್ಲಿ ಸಹಿ, ಎಲ್ಲ ಇತ್ತು. ಇದಿರಲಿಲ್ಲ.

"ಗೊತ್ತಿಲ್ಲಮ್ಮ," ಎಂದೆ. ಇಂಗ್ಲಿಷಿನ ನಡುವೆ ಆ 'ಅಮ್ಮ' ಹೇಗೋ ನುಸುಳಿತ್ತು. ಅವಳು ತಲೆಯಾಡಿಸಿ, 'ಗೊತ್ತಿಲ್ಲ' ಎನ್ನುವುದನ್ನೂ ನೋಟ್ಸಿನಲ್ಲಿ ಬರೆದುಕೊಂಡಳು.

ಏಪ್ರಿಲ್ ಹೊತ್ತಿಗೆ ವಿಯೆಟ್ನಾಂ ಮುಗಿದು ಪುಸ್ತಕದ ತುದಿ ಕಾಣಿಸಿತು. 1991ರ ಕೊಲ್ಲಿ ಯುದ್ಧಕ್ಕೆ ಒಂದು ಪುಟ, ಅದರಲ್ಲೂ ಅರ್ಧ ಪುಟ ಹೊತ್ತಿ ಉರಿಯುವ ಎಣ್ಣೆಬಾವಿಗಳ ಫೋಟೊ. ಅಲ್ಲಿಂದ ಹತ್ತು ಹನ್ನೆರಡು ಪುಟಕ್ಕೆ ಪುಸ್ತಕವೇ ಮುಗಿಯುತ್ತಿತ್ತು. ಆಗ ಇರಾಕಿನಲ್ಲಿ ನಡೆಯುತ್ತಿದ್ದ ಯುದ್ಧಕ್ಕಿಂತ ಮೊದಲೇ ಅಚ್ಚಾದ ಪುಸ್ತಕ ಅದು. ಹಿಂದಿನ ಬೆಂಚಿನ ಹುಡುಗನ ತಂದೆ 1991ರಲ್ಲೂ ಸೈನಿಕರಾಗಿ ಬಂದಿದ್ದರೆಂದು ಅವನೇ ಒಮ್ಮೆ ಹೇಳಿದ್ದ. ಎ.ಸಿ.ಯ ಕೆಳಗೆ ಬಾಗ್ದಾದಿನವಳು. ನನಗೆ ಹೆದರಿಕೆಯಾಯಿತು. ಪ್ರಿನ್ಸಿಪಾಲರನ್ನು ಕೇಳಿದೆ.

"ಪರೀಕ್ಷೆಯಲ್ಲಿ ಅದರ ಪ್ರಶ್ನೆ ಬರುವುದು ಅಪರೂಪ," ಎಂದರು ಅವರು. "ಬಿಟ್ಟರೂ ನಡೆಯುತ್ತದೆ. ಬಿಡಬೇಕಾ ಬೇಡವಾ, ನಿಮಗೆ ಬಿಟ್ಟದ್ದು."

ಬಿಡುವುದೆಂದೇ ಅರ್ಧ ಮನಸ್ಸು ಮಾಡಿ ಮನೆಗೆ ಬಂದೆ. ಆ ಸಂಜೆ ನಾನು ಗಟ್ಟಿಯಾಗಿ ಓದಲಿಲ್ಲ. ಇವರೇ ಕೈ ಒರೆಸಿಕೊಂಡು ಬಂದು ಪುಸ್ತಕ ಎತ್ತಿ ನೋಡಿದರು. ಪುಟ ತಿರುವಿ ಹಿಂದೆ ಮುಂದೆ ಹುಡುಕಿದರು.

"ಇಷ್ಟೇನಾ?"

ನನ್ನ ಗಂಡ 1990ರಲ್ಲಿ ಕುವೈತಿನಲ್ಲಿದ್ದರು. ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ. ಇರಾಕಿನ ಸೈನ್ಯ ಒಳಗೆ ನುಗ್ಗಿದ ಮೇಲೆ ಲಕ್ಷಾಂತರ ಭಾರತೀಯರ ಹಾಗೆ ಇವರೂ ಎಲ್ಲ ಬಿಟ್ಟು ಊರಿಗೆ ಬಂದವರು. ನಾವು ಮದುವೆಯಾಗಿ ಹನ್ನೆರಡು ವರ್ಷದಲ್ಲಿ ಅದರ ಬಗ್ಗೆ ನಾನು ಕೇಳಿದಾಗಲೆಲ್ಲ ಸಿಕ್ಕ ಉತ್ತರ, "ಬಂದೆವು. ಬಸ್ಸಿತ್ತು." ಅಷ್ಟೇ. ಉಗ್ಗಿನಿಂದಾಗಿ ಮಾತು ಬೇಡವೆನ್ನುತ್ತಾರೆ ಎಂದು ನಾನು ತಿಳಿದಿದ್ದೆ.

ಪುಸ್ತಕ ಮುಚ್ಚಿಟ್ಟು ಇವರು ಕೇಳಿದರು, "ನಾ... ನಾನು ಬರಲಾ? ನಿನ್ನ ಕ್ಲಾಸಿಗೆ."

"ಬಂದು?"

"ಹೇಳಲಿಕ್ಕೆ."

"ಇಂಗ್ಲಿಷಿನಲ್ಲಿ ಹೇಳಬೇಕಾಗ್ತದೆ. ಹದಿನೆಂಟು ಮಕ್ಕಳು. ದೊಡ್ಡ ಮಕ್ಕಳು, ನಗ್ತಾರೆ."

"ನಗಲಿ," ಎಂದರು.

ಬುಧವಾರ ಮೂರನೆಯ ಪೀರಿಯಡ್ಡು. ಆಫೀಸಿನಲ್ಲಿ ಅರ್ಧ ದಿನ ರಜೆ ಕೇಳಿ, ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿ, ಕುತ್ತಿಗೆಗೆ ವಿಸಿಟರ್ ಕಾರ್ಡ್ ನೇತುಹಾಕಿಕೊಂಡು ನನ್ನ ಗಂಡ ನನ್ನ ತರಗತಿಗೆ ಬಂದರು. ನಾನು ಪಕ್ಕದ ಖಾಲಿ ಬೆಂಚಿನಲ್ಲಿ ಕೂತೆ.

ಇವರು ಮಾತಿಗೆ ತೊಡಗಲಿಲ್ಲ. ಮಾರ್ಕರ್ ತೆಗೆದುಕೊಂಡು ಬೋರ್ಡಿನ ಮೇಲೆ ಗೆರೆ ಎಳೆಯಲು ಶುರು ಮಾಡಿದರು. ಕುವೈತ್, ಬಸ್ರಾ, ಎರಡು ನದಿ, ಬಾಗ್ದಾದ್, ಪಡುವಣದ ಮರಳುಗಾಡು, ಜೋರ್ಡಾನಿನ ಗಡಿ, ಅಮ್ಮಾನ್. ಸ್ಕೇಲಿಲ್ಲ, ಪುಸ್ತಕ ನೋಡುವುದಿಲ್ಲ, ಒಂದೇ ಬೀಸಿಗೆ, ಅಳಿಸದೆ. ಹದಿನೆಂಟು ಮಕ್ಕಳೂ ಆ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಕುವೈತಿನ ಮೇಲೆ ಒಂದು ಚುಕ್ಕಿ ಇಟ್ಟು, "ನಾನು ಇಲ್ಲಿದ್ದೆ," ಎಂದರು.

ಒಂದು ಫ್ಲ್ಯಾಟಿನಲ್ಲಿ ಕರಾವಳಿಯ ಐದು ಜನ. ಬೀದಿಯಲ್ಲಿ ಟ್ಯಾಂಕುಗಳು. ಏಳು ವಾರ ಬಾಗಿಲು ಹಾಕಿಕೊಂಡು ಅಕ್ಕಿ ಗಂಜಿ, ಉಪ್ಪಿನಕಾಯಿ. ಆಮೇಲೆ ಬಸ್ಸು. ಬಸ್ರಾ ದಾಟುವವರೆಗೆ ಮಾತು ತಡೆತಡೆದು ಬಂದರೂ ಬಂತು. ಅಲ್ಲಿಂದ ಮುಂದೆ ಸಿಕ್ಕಿಹಾಕಿಕೊಂಡಿತು.

"ಬ... ಬ... ಬ..."

ತುಟಿ ಅದುರುತ್ತಿತ್ತು, ಕುತ್ತಿಗೆಯ ನರ ಉಬ್ಬಿತ್ತು. ನಾನು ನೆಲ ನೋಡಿದೆ. ಹಿಂದಿನಿಂದ ಆ ಉದ್ದದ ಹುಡುಗ, ಸಹಾಯ ಮಾಡುವ ಮನಸ್ಸಿನಿಂದಲೇ, "ಬಾಗ್ದಾದಾ ಸರ್?" ಎಂದ.

"ಅವರೇ ಹೇಳಲಿ," ಎಂದಿತು ಎ.ಸಿ.ಯ ಕೆಳಗಿನ ದನಿ.

ಹುಡುಗ ಕೈ ಎತ್ತಿ 'ಸಾರಿ' ಎಂದ. ಎಲ್ಲರೂ ಕಾದರು. ಎಷ್ಟು ಹೊತ್ತೋ, ನನಗಂತೂ ಒಂದು ಪೀರಿಯಡ್ಡಿನಷ್ಟು.

"ಬಾಗ್ದಾದ್," ಎಂದರು ಇವರು. ಮತ್ತೆ ನಿಧಾನವಾಗಿ ಮುಂದುವರಿಸಿದರು.

ಬಾಗ್ದಾದಿನ ಹೊರವಲಯದಲ್ಲಿ ಬಸ್ಸು ಕೆಟ್ಟು ನಿಂತಿತಂತೆ. ಇವರ ಚಪ್ಪಲಿಯ ಬಾರು ಬಸ್ರಾದಲ್ಲೇ ಕಿತ್ತುಹೋಗಿತ್ತು. ಬರಿಗಾಲಿನಲ್ಲಿ ಕಾದ ಟಾರು ರಸ್ತೆಯ ಮೇಲೆ ನಿಲ್ಲಲಾಗದೆ, ಒಂದು ಕಾಲು ಎತ್ತಿ ಒಂದು ಕಾಲು ಇಳಿಸುತ್ತಾ ಇದ್ದರಂತೆ. ಎದುರು ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಒಬ್ಬ ಮುದುಕಿ ಒಳಗೆ ಹೋಗಿ ಒಂದು ಜೊತೆ ಕಂದು ಬೂಟು ತಂದಳು. ಇವರು ಬೇಡವೆಂದರು. ಅವಳು ಒಳಗಿನ ಗೋಡೆಯ ಮೇಲಿದ್ದ ಒಬ್ಬ ಯುವಕನ ಫೋಟೊ ತೋರಿಸಿ, ಅವನಿಗೆ ಇನ್ನು ಬೇಡ ಎಂಬಂತೆ ಕೈಯಾಡಿಸಿ, ಕೆಳಗೆ ಕೂತು ತಾನೇ ಇವರ ಕಾಲಿಗೆ ತೊಡಿಸಿದಳು.

"ಎ... ಎರಡು ಸೈಜ್ ದೊಡ್ಡದು," ಎಂದರು ಇವರು. "ಕಾಗದ ತುರುಕಿಕೊಂಡೆ. ಗಡಿಯಲ್ಲಿ ಮರಳಿನ ಮೇಲೆ ಟೆಂಟಿನಲ್ಲಿ ಹದಿಮೂರು ದಿನ ಇದ್ದೆವು. ಚೇಳಿತ್ತು. ಬೂಟಿತ್ತು, ಬಚಾವ್. ಅದರಲ್ಲೇ ಬೊಂಬಾಯಿಯಲ್ಲಿ ಇಳಿದೆ. ಮದುವೆಗೂ ಅದನ್ನೇ ಹಾಕಿದ್ದೆ. ಪಾಲಿಶ್ ಮಾಡಿಸಿ."

ನಮ್ಮ ಮದುವೆಯ ದಿನ ಊರಿನ ಇಗರ್ಜಿಯಲ್ಲಿ ಈ ಮನುಷ್ಯ ಟಪ್ ಟಪ್ ಎಂದು ಕಾಲು ಎಳೆಯುತ್ತಾ ನಡೆದು ಬಂದದ್ದು, ನನ್ನ ದೊಡ್ಡಮ್ಮನ ಮಕ್ಕಳು ಬಾಯಿಗೆ ಸೆರಗು ಹಿಡಿದು ನಕ್ಕದ್ದು, ಬಾಡಿಗೆ ಬೂಟಿರಬೇಕೆಂದು ನಾನು ನಾಚಿಕೆಯಿಂದ ಕುಗ್ಗಿದ್ದು ಎಲ್ಲ ಒಟ್ಟಿಗೆ ನೆನಪಾಯಿತು. ಆ ನಾಚಿಕೆಗೆ ಹನ್ನೆರಡು ವರ್ಷದ ಮೇಲೆ ಇನ್ನೊಂದು ನಾಚಿಕೆ ಸೇರಿತು. ಮಕ್ಕಳ ಎದುರು ಅಳಬಾರದೆಂದು ಹಾಜರಿ ಪುಸ್ತಕ ತೆರೆದು, ಏನೋ ಬರೆಯುವವಳಂತೆ ಬಗ್ಗಿದೆ.

"ಅವರು ಏನಾದರೂ ಹೇಳಿದರಾ, ಆ ಅಜ್ಜಿ?" ಬಾಗ್ದಾದಿನ ಹುಡುಗಿ ಕೇಳಿದಳು.

"ನನಗೆ ಅರಬ್ಬಿ ಅಷ್ಟು ಬರ್ತಿರಲಿಲ್ಲ. ಯುಮ್ಮಾ, ಯುಮ್ಮಾ ಅಂತಿದ್ದರು. ತಾಯಿಯನ್ನು ನೆನೆಸಿಕೊಳ್ತಾರೆ ಅಂತ ತಿಳಿದೆ."

ಅವಳು ಜೋರಾಗಿ ತಲೆಯಲ್ಲಾಡಿಸಿದಳು. "ಅಲ್ಲ ಅಂಕಲ್. ನಿಮ್ಮನ್ನೇ ಕರೆದದ್ದು. ನಮ್ಮಲ್ಲಿ ಅಮ್ಮಂದಿರು ಮಕ್ಕಳನ್ನೇ ಅಮ್ಮ ಅಂತ ಕರೀತಾರೆ. ಗಂಡು ಮಕ್ಕಳನ್ನೂ."

"ನಮ್ಮ ಕನ್ನಡದಲ್ಲೂ ಹಾಗೆಯೇ," ಎಂದು ನನ್ನ ಬಾಯಿಂದ ಬಂದೇಬಿಟ್ಟಿತು. "ಪುಟ್ಟ ಮಗಳನ್ನು ಊಟ ಮಾಡು ತಾಯಿ ಅಂತೇವೆ. ತೊಟ್ಟಿಲಿನ ಮಗನನ್ನೂ ಅಳಬೇಡ ಅಪ್ಪಾ ಅಂತೇವೆ."

ಅವಳು ನಕ್ಕಳು. ಅವಳ ಮುಂದಿನ ಹಲ್ಲುಗಳ ನಡುವೆ ಒಂದು ಸಂದು ಇದೆಯೆಂದು ನನಗೆ ಗೊತ್ತಾದದ್ದು ಆವತ್ತೇ.

ಬೆಲ್ ಹೊಡೆದ ಮೇಲೆ ಆ ಅಮೆರಿಕನ್ ಹುಡುಗ ಬೋರ್ಡಿನ ಹತ್ತಿರ ಬಂದು ನಿಂತ. ಗಡಿಯ ಮರಳುಗಾಡನ್ನು ಬೆರಳಿನಿಂದ ತೋರಿಸಿ, "ನನ್ನ ಡ್ಯಾಡ್ ಇದೇ ಮರಳುಗಾಡಿನಲ್ಲಿ ಎಲ್ಲೋ ಇದ್ದರು, ನೀವು ಹೋದ ಮೇಲೆ. ಆಗ ಅವರಿಗೆ ಇಪ್ಪತ್ತೈದು," ಎಂದ. "ಅವರೂ ಏನೂ ಹೇಳುವುದಿಲ್ಲ."

"ಕೇಳಿದ್ದೀಯಾ?" ಇವರು ಕೇಳಿದರು.

"ಇಲ್ಲ."

"ಕ... ಕೇಳು. ಹನ್ನೆರಡು ವರ್ಷ ಕೇಳಬೇಕಾಗ್ತದೆ, ನನ್ನ ಹೆಂಡತಿಯ ಹಾಗೆ. ಆದರೂ ಕೇಳು."

ಆ ಶನಿವಾರ ಮಧ್ಯಾಹ್ನ ನಮ್ಮ ಫ್ಲ್ಯಾಟಿನ ಬೆಲ್ಲಾಯಿತು. ಹುಡುಗಿ, ಜೊತೆಯಲ್ಲಿ ಅವಳ ತಾಯಿ. ಕೈಯಲ್ಲಿ ಖರ್ಜೂರ ತುಂಬಿ ಸುರುಳಿ ಸುತ್ತಿದ ಬಿಸ್ಕತ್ತುಗಳ ಡಬ್ಬ. ತಾಯಿಗೆ ಆ ಬೂಟಿನವರನ್ನು ನೋಡಬೇಕಿತ್ತಂತೆ. ಇವರು ಸಂಕೋಚದಿಂದ ಅಡುಗೆಮನೆಯ ಬಾಗಿಲಲ್ಲೇ ನಿಂತರು. ಆಕೆ ಎದ್ದು ಹೋಗಿ ಅರಬ್ಬಿಯಲ್ಲಿ ಎರಡು ಮಾತು ಹೇಳಿದರು. ಇವರು ಅದೇ ಭಾಷೆಯಲ್ಲಿ, ಒಂದು ಅಕ್ಷರವೂ ತಡೆಯದೆ, ಧನ್ಯವಾದ ಹೇಳಿ ಚಹಾ ಮಾಡಲು ಒಳಗೆ ಹೋದರು.

ಮಾತಿನಲ್ಲಿ ಗೊತ್ತಾಯಿತು, ಆಕೆ ಬಾಗ್ದಾದಿನ ಒಂದು ಹೆಣ್ಣುಮಕ್ಕಳ ಶಾಲೆಯಲ್ಲಿ ಹದಿನಾಲ್ಕು ವರ್ಷ ಟೀಚರ್ ಆಗಿದ್ದವರು. ವಿಷಯ, ಇತಿಹಾಸ! ಇಲ್ಲಿ ಕೆಲಸ ಸಿಕ್ಕಿರಲಿಲ್ಲ. ನನ್ನ ಪಠ್ಯಪುಸ್ತಕ ನೋಡಬಹುದಾ ಎಂದು ಕೇಳಿದರು. ಬಟ್ಟೆ ಅಂಗಡಿಯಲ್ಲಿ ಸೀರೆ ಮುಟ್ಟಿ ನೋಡುವ ಹಾಗೆ ಪುಟಗಳನ್ನು ಮುಟ್ಟಿ ನೋಡಿದರು.

"ನನ್ನ ಕಾಲದಲ್ಲಿ ಕೆಲವು ಪುಟ ಓದಿಸಬೇಡಿ ಅಂತ ಹೇಳುತ್ತಿದ್ದರು," ಎಂದರು ಆಕೆ, ಮಗಳ ಸಹಾಯದಿಂದ ಇಂಗ್ಲಿಷಿನಲ್ಲಿ. "ಅಂಟಿಸಿಬಿಡಬೇಕು. ನಾನೇ ಮಕ್ಕಳ ಪುಸ್ತಕಗಳಿಗೆ ಅಂಟು ಹಚ್ಚಿದ್ದೇನೆ."

"ಮಕ್ಕಳು ಸುಮ್ಮನಿರುತ್ತಿದ್ದರಾ?"

"ಮನೆಗೆ ಹೋಗಿ ಬಿಡಿಸಿ ಓದುತ್ತಿದ್ದರು. ನನಗೆ ಗೊತ್ತಿತ್ತು. ಅದಕ್ಕೇ ಅಂಟು ಸ್ವಲ್ಪವೇ ಹಚ್ಚುತ್ತಿದ್ದೆ."

ಇಬ್ಬರೂ ನಕ್ಕೆವು. ಆಮೇಲೆ ಆಕೆ ಕೇಳಿದರು, "ನಾಳೆ ಯಾವ ಪಾಠ?"

"ಪುಸ್ತಕ ಹೆಚ್ಚುಕಡಿಮೆ ಮುಗಿಯಿತು. ಉಳಿದದ್ದು ಪುಸ್ತಕದಲ್ಲಿಲ್ಲ," ಎಂದೆ. ಯಾವ ಯುದ್ಧವೆಂದು ನಾನು ಹೆಸರು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಬಾಲ್ಕನಿಯ ಕಡೆ ನೋಡಿದರು. ಮಗಳು ಇವರ ಜೊತೆ ಅಲ್ಲಿಗೆ ಹೋಗಿ ಕರಿಬೇವಿನ ಗಿಡ ನೋಡುತ್ತಿದ್ದಳು.

"ಹಾಗಾದರೆ ನೀವು ಹೇಳಬೇಡಿ. ಮಕ್ಕಳನ್ನು ಕೇಳಿ. ಮುಂದಿನ ಪುಟದಲ್ಲಿ ಏನು ಬರೀತೀರಿ ಅಂತ," ಎಂದರು ತಗ್ಗಿದ ದನಿಯಲ್ಲಿ. "ಆದರೆ ನನ್ನ ಮಗಳನ್ನು ಮೊದಲು ಕೇಳಬೇಡಿ. ಅವಳಾಗಿಯೇ ಹೇಳಿದರೆ ಹೇಳಲಿ. ನನ್ನ ಹತ್ತಿರ ಇನ್ನೂ ಹೇಳಿಲ್ಲ."

ಅಲ್ಲಿ ಶಾಲೆಯ ವಾರ ಶುರುವಾಗುವುದು ಭಾನುವಾರ. ಆವತ್ತು ನಾನು ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟು, ಮುಂದಿನ ಪುಟ ಬರೆದು ಓದಿ ಎಂದೆ. ಕೆಲವರು ಟಿ.ವಿ.ಯಲ್ಲಿ ಕೇಳಿದ್ದನ್ನೇ ಬರೆದರು. ಅಮೆರಿಕನ್ ಹುಡುಗ ತನ್ನ ತಂದೆಯ ಕೋಣೆಯ ಬಾಗಿಲು ಆರು ತಿಂಗಳಿಂದ ಮುಚ್ಚಿಯೇ ಇದೆಯೆಂದು ಓದಿದ. ಎ.ಸಿ.ಯ ಕೆಳಗಿನ ಬೆಂಚಿನ ಕಡೆ ನಾನು ನೋಡಲಿಲ್ಲ. ನೋಡದೆ ಇರುವುದು ಎಷ್ಟು ಕಷ್ಟ! ಪೀರಿಯಡ್ಡು ಮುಗಿಯಲು ಹತ್ತು ನಿಮಿಷವಿರುವಾಗ ಅವಳು ಎದ್ದು ನಿಂತಳು. ಹಾಳೆ ಖಾಲಿಯಾಗಿತ್ತು, ಬಾಯಲ್ಲೇ ಹೇಳಿದಳು.

ಬಾಂಬು ಬೀಳಲು ಶುರುವಾದ ವಾರ ಅವಳಿಗೆ ಜ್ಯಾಮಿತಿಯ ಪರೀಕ್ಷೆಯಿತ್ತು. ಹಿಂದಿನ ಸಲ ಫೇಲಾಗಿದ್ದಳು. ಈ ಸಲ ಅಪ್ಪ ದಿನವೂ ಕೂರಿಸಿ ಹೇಳಿಕೊಟ್ಟಿದ್ದರು. ಎಲ್ಲ ಪ್ರಮೇಯಗಳೂ ಬಾಯಿಪಾಠ. ಶಾಲೆ ಮುಚ್ಚಿತು. ಪರೀಕ್ಷೆ ಮುಂದಕ್ಕೆ ಹೋಯಿತೆಂದುಕೊಂಡು ಮೆಟ್ಟಿಲಿನ ಕೆಳಗೆ ಕೂತು, ಸದ್ದು ಕೇಳಿದಾಗಲೆಲ್ಲ ಒಂದೊಂದು ಪ್ರಮೇಯ ಹೇಳಿಕೊಳ್ಳುತ್ತಿದ್ದಳಂತೆ. ಶಾಲೆ ಮತ್ತೆ ತೆರೆದಾಗ ಗಣಿತದ ಟೀಚರ್ ಇರಲಿಲ್ಲ. ಎಲ್ಲಿ ಹೋದರೆಂದು ಯಾರಿಗೂ ಗೊತ್ತಿರಲಿಲ್ಲ.

"ನಾನು ಫುಲ್ ಪ್ರಿಪೇರ್ ಆಗಿದ್ದೆ, ಮಿಸ್," ಎಂದಳು. "ಈ ಸಲ ಪಾಸಾಗುತ್ತಿದ್ದೆ. ಅವರಿಗೆ ಅದು ಗೊತ್ತಾಗಲೇ ಇಲ್ಲ."

ಅಳುತ್ತಾಳೆಂದು ನಾನು ಎದ್ದೆ. ಅಷ್ಟರಲ್ಲಿ ಮುಂದಿನ ಬೆಂಚಿನ ಒಬ್ಬಳು ತಿರುಗಿ, "ಯಾವುದಾದರೂ ಒಂದು ಹೇಳು ನೋಡುವಾ," ಎಂದಳು. ಅವಳು ಅಲ್ಲೇ ನಿಂತು, ಅರಬ್ಬಿಯಲ್ಲಿ, ಲಂಬಕೋನ ತ್ರಿಭುಜದ ಪ್ರಮೇಯವನ್ನು ಮೊದಲಿಂದ ಕೊನೆಯವರೆಗೆ ಗಡಗಡ ಹೇಳಿದಳು. ಅರಬ್ಬಿ ಬಲ್ಲವರು ಚಪ್ಪಾಳೆ ತಟ್ಟಿದರು, ಬಾರದವರೂ ತಟ್ಟಿದರು. ನಾನು ಅವಳ ಹಾಳೆಯ ಮೇಲೆ 'ಪಾಸ್' ಎಂದು ಬರೆದು ಸಹಿ ಹಾಕಿದೆ. ಅದಕ್ಕೆ ಬೆಲೆ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಆದರೂ ಅವಳು ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡಳು.

ಜೂನಿನಲ್ಲಿ ಪುಸ್ತಕ ವಾಪಸು ಕೊಡಲು ಬಂದ ಅಮೆರಿಕನ್ ಹುಡುಗ ಬಾಗಿಲಲ್ಲೇ ನಿಂತು ಹೇಳಿದ, "ಡ್ಯಾಡ್ ಬಂದಿದ್ದಾರೆ, ಮಿಸ್. ಕೇಳಿದೆ. ಸೂಕ್ ವಾಕಿಫ್ ಮಾರ್ಕೆಟ್ಟಿನಲ್ಲಿ ಊಟ ಮಾಡಿ ಹೊರಟವರು ಕಾರು ಸ್ಟಾರ್ಟ್ ಮಾಡಿ, ಅಲ್ಲೇ ಪಾರ್ಕಿಂಗಿನಲ್ಲಿ ಒಂದು ಗಂಟೆ ಮಾತಾಡಿದರು." ಬಾಗ್ದಾದಿನ ಮನೆಯವರು ಆಗಸ್ಟಿನಲ್ಲಿ ಕೆನಡಾಕ್ಕೆ ಹೋದರು. ಎರಡು ವರ್ಷ ಈಮೇಲ್ ಇತ್ತು. ತಾಯಿಗೆ ಅಲ್ಲಿನ ಒಂದು ಶಾಲೆಯ ಲೈಬ್ರರಿಯಲ್ಲಿ ಕೆಲಸ ಸಿಕ್ಕಿದ ಸುದ್ದಿಯವರೆಗೆ.

ಹೊಸ ಟೀಚರನ್ನು ಹುಡುಕುವ ಮಾತನ್ನು ಪ್ರಿನ್ಸಿಪಾಲರು ಎತ್ತಲೇ ಇಲ್ಲ. ಅಮೆರಿಕದ ಚರಿತ್ರೆ ಇನ್ನೂ ಮೂರು ವರ್ಷ ನನ್ನ ಪಾಲಿಗೇ ಇತ್ತು. ಪ್ರತಿ ಏಪ್ರಿಲಿನಲ್ಲಿ ಇವರನ್ನು ಕರೆದೆ, ಇವರು ಬರಲಿಲ್ಲ. "ಒಮ್ಮೆ ಹೇಳಿ ಆಯ್ತು, ಖಲಾಸ್," ಎನ್ನುತ್ತಿದ್ದರು. ಆದರೆ ಉಳಿದದ್ದನ್ನು ನನಗೆ ತುಣುಕು ತುಣುಕಾಗಿ ಹೇಳಿದರು, ಹೆಚ್ಚಾಗಿ ಕಾರು ಓಡಿಸುವಾಗ, ಕಣ್ಣು ರಸ್ತೆಯ ಮೇಲಿಟ್ಟು. ಕುವೈತಿನ ಫ್ಲ್ಯಾಟಿನ ಆ ಐವರಲ್ಲಿ ಒಬ್ಬರು ಉಡುಪಿಯ ಹತ್ತಿರ ಬೇಕರಿ ಇಟ್ಟಿದ್ದಾರೆಂದು ಹಾಗೆಯೇ ತಿಳಿಯಿತು. ಅದು ತಿಳಿದ ವರ್ಷದ ಬೇಸಿಗೆ ರಜೆಗೆ ಊರಿಗೆ ಹೋದಾಗ ನಾನೇ ಹಠ ಮಾಡಿ ಕರೆದುಕೊಂಡು ಹೋದೆ.

ಇಬ್ಬರೂ ಬೇಕರಿಯ ಹಿಂದೆ, ಮೈದಾ ಚೀಲಗಳ ಮೇಲೆ ಕೂತರು. ನಾನು ಮತ್ತು ಬೇಕರಿಯವರ ಹೆಂಡತಿ ಒಳಗಿದ್ದೆವು. ಹೊರಗಿನಿಂದ ಮೊದಲು ಮಾತು, ಆಮೇಲೆ ನಗು, ಆಮೇಲೆ ಕೆಮ್ಮು ಬರುವಷ್ಟು ನಗು ಕೇಳಿಸಿತು. ಆಕೆ ಕಿಟಕಿಯಿಂದ ಇಣುಕಿ ನೋಡಿ ನನ್ನ ಕಡೆ ತಿರುಗಿದರು.

"ನಿಮ್ಮ ಯಜಮಾನ್ರು ಯಾವಾಗಲೂ ಇಷ್ಟು ನಗ್ತಾರಾ?"

"ಇಲ್ಲ ಮಾರಾಯ್ರೇ," ಎಂದೆ. "ನಾನು ಕೇಳುವುದೂ ಇವತ್ತೇ."